ಹೊಂಚು ಮತ್ತು ವಿಶ್ವಾಸ

(ಉಪನ್ಯಾಸದ ಪಠ್ಯ)



ಹುಲಿ ಹೊಂಚು ಹಾಕಿ ಜಿಂಕೆಯನ್ನು ಹಿಡಿದರೆ ಯಾರೂ ಅದನ್ನು ವಂಚಕನೆಂದು ಜರೆಯುವುದಿಲ್ಲ. ಮನುಷ್ಯನು ಹೊಂಚು ಹಾಕಿದಾಗ ಮಾತ್ರ ನ್ಯಾಯಾನ್ಯಾಯದ ಪ್ರಶ್ನೆ ಏಳುತ್ತದೆ. ಯುದ್ಧ, ರಾಜಕಾರಣ, ಪತ್ರಿಕೋದ್ಯಮ ಈ ಮೂರರಲ್ಲಿಯೂ ಹೊಂಚುದಾಳಿ ಉಂಟು. ಅದು ಎಲ್ಲಿ ನೀತಿ, ಎಲ್ಲಿ ದ್ರೋಹ ಎಂಬುದನ್ನು ಅರಿಯಲು ಕೊಡಗಿನ ಇತಿಹಾಸವೇ ನೆರವಾಗುತ್ತದೆ.

1834ರ ಏಪ್ರಿಲ್ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಹಲವು ದಿಕ್ಕುಗಳಿಂದ ಕೊಡಗನ್ನು ಹೊಕ್ಕಿತು. ಉತ್ತರದಿಂದ ಬಂದ ಕರ್ನಲ್ ವಾ ಎಂಬಾತನ ತುಕಡಿ ಏಪ್ರಿಲ್ 3ರಂದು ಕಾಡಿನ ಇಕ್ಕಟ್ಟು ದಾರಿಯ ಉಕ್ಕಡವೊಂದರ ಮುಂದೆ ಕಂಗೆಟ್ಟು ಹಿಮ್ಮೆಟ್ಟಿತು. ಕರ್ನಲ್ ಮಿಲ್ ಅಲ್ಲಿಯೇ ಹತನಾದ. ಪಶ್ಚಿಮದಲ್ಲಿ ಕುಂಬಳೆಯ ಕಡೆಯಿಂದ ಘಟ್ಟ ಹತ್ತಿದ ತುಕಡಿಯೂ ಹಿಂದಿರುಗಬೇಕಾಯಿತು. ಬಲದಲ್ಲಿ ಕಿರಿದಾದ ಪಡೆಗೆ ಮಲೆಯೇ ಆಯುಧವಾಗಿತ್ತು. ಆಕ್ರಮಿಸಲು ಬಂದವನಿಗೆ ದಾಳಿಯ ನಿರೀಕ್ಷೆ ಇದ್ದೇ ಇರುತ್ತದೆ; ಅವನಿಗೆ ತಿಳಿಯದಿರುವುದು ಸ್ಥಳ ಮತ್ತು ಸಮಯ ಮಾತ್ರ. ಆದ್ದರಿಂದ ಅದನ್ನು ಯಾರೂ ದ್ರೋಹವೆನ್ನಲಾರರು. ಆದರೂ ಏಪ್ರಿಲ್ 6ರಂದು ಕಂಪನಿಯ ಸೇನೆ ಮಡಿಕೇರಿಯನ್ನು ಪ್ರವೇಶಿಸಿತು. ಹೊಂಚು ಒಂದು ಕಣಿವೆಯನ್ನು ಕಾಯಬಲ್ಲದು, ನಾಡಿನ ಭವಿಷ್ಯವನ್ನು ನಿರ್ಧರಿಸಲಾರದು.

ಇನ್ನೊಂದು ನೆನಪು ಬೇರೆ ಬಗೆಯದು. 1785ರಲ್ಲಿ ದೇವಟ್ಟಿಪರಂಬಿನಲ್ಲಿ ಟಿಪ್ಪು ಸುಲ್ತಾನನ ಕಡೆಯವರ ಸಂಧಾನದ ಕರೆಯನ್ನು ನಂಬಿ ಬಂದ ನಿರಾಯುಧರು ಹತ್ಯೆಗೂ ಸೆರೆಗೂ ಗುರಿಯಾದರೆಂದು ಕೊಡವರ ಸ್ಮೃತಿ ಹೇಳುತ್ತದೆ. ಸಂಖ್ಯೆಯ ಬಗೆಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಆದರೆ ಆ ಗಾಯ ಎರಡು ಶತಮಾನ ಕಳೆದರೂ ಮಾಯದಿರಲು ಕಾರಣ ಸತ್ತವರ ಎಣಿಕೆಯೊಂದೇ ಅಲ್ಲ, ಮುರಿದ ಮಾತು. ಶತ್ರುವೆಂದು ತಿಳಿದವನ ಮೇಲೆ ಎರಗುವುದು ಹೊಂಚು. ನಂಬಿ ಬಂದವನ ಮೇಲೆ ಎರಗುವುದು ದ್ರೋಹ.

ಈ ಮಾಪನವನ್ನು ರಾಜಕಾರಣಕ್ಕೆ ಅನ್ವಯಿಸಿ ನೋಡಬಹುದು. ಪ್ರಜಾಸತ್ತೆಯಲ್ಲಿ ಪ್ರಜೆ ಸರ್ಕಾರಕ್ಕೆ ಶತ್ರುವಲ್ಲ. ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮ ಘಟ್ಟ ಸಮಿತಿ ತನ್ನ ವರದಿಯನ್ನು 2011ರ ಆಗಸ್ಟ್‌ನಲ್ಲಿಯೇ ಸಲ್ಲಿಸಿತ್ತು. ಕೇಂದ್ರ ಪರಿಸರ ಸಚಿವಾಲಯ ಅದನ್ನು ಬಚ್ಚಿಟ್ಟಿತು. ಕೇಂದ್ರ ಮಾಹಿತಿ ಆಯೋಗವೂ ದೆಹಲಿ ಉಚ್ಚ ನ್ಯಾಯಾಲಯವೂ ಹೇಳಿದ ಬಳಿಕ 2012ರ ಮೇ ತಿಂಗಳಲ್ಲಿ ಮಾತ್ರ ಅದು ಬೆಳಕು ಕಂಡಿತು. ಗ್ರಾಮಸಭೆಗಳಲ್ಲಿ ಚರ್ಚೆಯಾಗಲಿ ಎಂದ ವರದಿಯೇ ಗ್ರಾಮಸ್ಥರಿಗೆ ಸಿಗಲಿಲ್ಲ! ಓದಲು ದೊರೆಯದ ವರದಿಯ ಜಾಗವನ್ನು ವದಂತಿ ತುಂಬಿತು. ಬಳಿಕ ಬಂದ ಕಸ್ತೂರಿರಂಗನ್ ವರದಿಯ ಆಧಾರದಲ್ಲಿ 2014ರಿಂದ 2024ರವರೆಗೆ ಆರು ಬಾರಿ ಕರಡು ಅಧಿಸೂಚನೆ ಹೊರಟಿತು. ಕಾಡನ್ನು ಉಳಿಸಬೇಕೆನ್ನುವವರೂ ತೋಟವನ್ನು ಕಳೆದುಕೊಳ್ಳುವೆನೆಂದು ಅಂಜಿದ ಬೆಳೆಗಾರರೂ ಪರಸ್ಪರ ಸಂಶಯಿಸುವಂತಾಯಿತು. ಮುಚ್ಚಿಟ್ಟ ಕಾಗದದಿಂದ ಘಟ್ಟಕ್ಕೆ ಒದಗಿದ ನಷ್ಟ ಇದು.

ಕಾನೂನಿನ ಆಶಯ ಇದಕ್ಕೆ ವಿರುದ್ಧವಾದುದು. 2006ರ ಪರಿಸರ ಪರಿಣಾಮ ಅಧಿಸೂಚನೆ, ಸಾರ್ವಜನಿಕ ಅಹವಾಲಿಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕೆನ್ನುತ್ತದೆ. ಆ 30 ದಿನಗಳೆಂದರೆ ಹೊಂಚನ್ನು ನಿಷೇಧಿಸುವ ಅವಧಿ.

ಪತ್ರಿಕೋದ್ಯಮದಲ್ಲಿ ವಿಷಯ ಇನ್ನಷ್ಟು ಸೂಕ್ಷ್ಮ. 2001ರಲ್ಲಿ ತೆಹಲ್ಕಾ ವರದಿಗಾರರು ಶಸ್ತ್ರಾಸ್ತ್ರ ವ್ಯಾಪಾರಿಗಳ ವೇಷದಲ್ಲಿ ಕುಟುಕು ಕಾರ್ಯಾಚರಣೆ ನಡೆಸಿದರು. ಆಡಳಿತ ಪಕ್ಷದ ಅಧ್ಯಕ್ಷ ಬಂಗಾರು ಲಕ್ಷ್ಮಣ್ ರಾಜೀನಾಮೆ ಕೊಟ್ಟರು. 2007ರಲ್ಲಿ ದೆಹಲಿಯ ಶಾಲಾ ಶಿಕ್ಷಕಿಯೊಬ್ಬರ ಮೇಲೆ ವಾಹಿನಿಯೊಂದು ಪ್ರಸಾರ ಮಾಡಿದ ಕುಟುಕು ಕಾರ್ಯಾಚರಣೆ ಸುಳ್ಳೆಂದು ತನಿಖೆಯಲ್ಲಿ ತಿಳಿಯಿತು. ಅಷ್ಟರಲ್ಲಿ ಗುಂಪು ಆಕೆಯ ಮೇಲೆ ಕೈಮಾಡಿತ್ತು. ಕ್ಯಾಮೆರಾ ಎರಡು ಕಡೆಯೂ ಮರೆಯಲ್ಲಿತ್ತು. ಒಂದು ಕಡೆ ಗುರಿಯಾದದ್ದು ಅಧಿಕಾರ, ಇನ್ನೊಂದು ಕಡೆ ಅಸಹಾಯಕ ವ್ಯಕ್ತಿ. ಬೇರೆ ದಾರಿ ಇಲ್ಲದಾಗ, ಸಾರ್ವಜನಿಕ ಹಿತಕ್ಕಾಗಿ, ಬಲಿಷ್ಠನ ಎದುರು ಮಾತ್ರ ಮರೆಯ ಕ್ಯಾಮೆರಾಕ್ಕೆ ಸಮರ್ಥನೆ ದೊರೆತೀತು. ಅಲ್ಲಿಯೂ ಸತ್ಯದ ಪರೀಕ್ಷೆ ತಪ್ಪದು.

ಪರಿಸರ ಚಳವಳಿಯೂ ಈ ಮಾಪನದಿಂದ ಹೊರತಲ್ಲ. ನೆರೆಯ ಬೆಳೆಗಾರನಿಗೆ ತಿಳಿಸದೆ ಅವನ ತೋಟದ ಬಗೆಗೆ ದೂರು ಬರೆಯುವುದು, ಅಧಿಕಾರಿಯ ಅರ್ಧ ಮಾತನ್ನು ಕತ್ತರಿಸಿ ಹರಡುವುದು, ಅಂದಿನ ಮಟ್ಟಿಗೆ ಗೆಲುವೆನಿಸಬಹುದು. ಆದರೆ ಅದೇ ನೆರೆಯವನ ಒಪ್ಪಿಗೆಯಿಲ್ಲದೆ ದೇವರಕಾಡೂ ಉಳಿಯದು, ಕಾವೇರಿಯ ತೊರೆಗಳೂ ಉಳಿಯವು. ಶತ್ರು ಬಂದಾಗ ಮರೆಯಲ್ಲಿ ನಿಂತ ಈ ನಾಡು, ತನ್ನವರೊಡನೆ ಬಯಲಿನಲ್ಲಿ ನಿಂತು ಮಾತಾಡಬೇಕಾಗಿದೆ.