ಬಾಂಬಿನಿಂದ ಬಾಂಬು ಸಿಡಿಯುವುದೇ?
(ಚಂದಕವಾಡಿಯ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಗೆ ಬರುವಾಗ ಕಲ್ಲುಗಣಿಯ ಕೂಲಿಕಾರರೊಬ್ಬರು ನಮ್ಮನ್ನು ತಡೆದು, "ಮೇಷ್ಟ್ರೇ, ಒಂದು ಅಣುಬಾಂಬು ಸಿಡುದ್ರ ಪಕ್ಕದಲ್ಲಿರೋವೆಲ್ಲಾ ಸಿಡುದ್ಬುಡ್ತವ?" ಎಂದು ಕೇಳಿದರು. ಸುಮ್ಮನೆ ಹುಟ್ಟಿದ ಪ್ರಶ್ನೆಯಲ್ಲ ಇದು. ಜಿಲೆಟಿನ್ ಪೆಟ್ಟಿಗೆಯಲ್ಲಿ ಒಂದು ಕಡ್ಡಿ ಸಿಡಿದರೆ ಉಳಿದವೂ ಸಿಡಿಯುತ್ತವೆಂಬುದನ್ನು ಅವರು ಬಲ್ಲರು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡಿನಲ್ಲಿ ಸ್ಫೋಟಕದ ಲಾರಿ ಸಿಡಿದು ಕೂಲಿಗಾರರ ಪ್ರಾಣ ಹೋದದ್ದನ್ನು ನಾವಾರೂ ಮರೆತಿಲ್ಲ.

ಆದರೆ ಅಣುಬಾಂಬಿನ ರೀತಿ ಬೇರೆ. ನಡುವೆ ಪ್ಲುಟೋನಿಯಂ ಗುಂಡು, ಸುತ್ತಲೂ ಸಿಡಿಮದ್ದು. ಆ ಮದ್ದು ಎಲ್ಲ ಕಡೆಯಿಂದಲೂ ಏಕಕಾಲಕ್ಕೆ ಸಿಡಿದು ಗುಂಡನ್ನು ಒಳಕ್ಕೆ ಹಿಂಡಬೇಕು. ಸೆಕೆಂಡಿನ ಹತ್ತು ಲಕ್ಷದ ಒಂದೆರಡು ಪಾಲು ಹೆಚ್ಚುಕಡಮೆಯಾದರೂ ಕೆಲಸ ಕೆಟ್ಟಿತು. ಮುದ್ದೆಯನ್ನು ಎರಡು ಕೈಯಲ್ಲಿ ಸುತ್ತ ಒತ್ತಿದರೆ ಗಟ್ಟಿಯಾಗುತ್ತದೆ, ಒಂದೇ ಕಡೆ ಗುದ್ದಿದರೆ ಚಪ್ಪಟೆಯಾಗುತ್ತದೆ. ನೆರೆಯ ಬಾಂಬಿನ ಹೊಡೆತ ಬೀಳುವುದು ಒಂದೇ ಕಡೆಯಿಂದ. ಹಾಗಾಗಿ ಎರಡನೆಯದು ಒಡೆಯುತ್ತದೆ, ಕರಗುತ್ತದೆ, ಕೆಡುತ್ತದೆ; ನಗರ ಸುಡುವ ಸ್ಫೋಟವಾಗುವುದಿಲ್ಲ. ಜಲಜನಕ ಬಾಂಬಿನಲ್ಲಿ ಮೊದಲ ಭಾಗ ಎರಡನೆಯದನ್ನು ಉರಿಸುವುದು ನಿಜ. ಅದು ಒಂದೇ ಕವಚದೊಳಗೆ, ಅದಕ್ಕೆಂದೇ ಲೆಕ್ಕಹಾಕಿ ಕಟ್ಟಿದ ಏರ್ಪಾಟು.

ನಮ್ಮ ಪೋಖ್ರಾಣದಲ್ಲೇ ಇದಕ್ಕೆ ದೃಷ್ಟಾಂತವಿದೆ. 1998ರ ಮೇ 11ರಂದು ಮೂರು ಸಾಧನಗಳನ್ನು ಒಂದೇ ಕ್ಷಣಕ್ಕೆ ಸಿಡಿಸಿದರು. ದೊಡ್ಡವೆರಡರ ಬಾವಿಗಳ ನಡುವೆ ಸುಮಾರು ಒಂದು ಕಿಲೋಮೀಟರು. ಒಂದನ್ನು ಮೊದಲು ಸಿಡಿಸಿದ್ದರೆ ಇನ್ನೊಂದರ ಬಾವಿ ಜಖಂ ಆದೀತೆಂಬುದೇ ವಿಜ್ಞಾನಿಗಳಿಗಿದ್ದ ಚಿಂತೆ.

ಅಮೆರಿಕದವರು ಇದಕ್ಕೆ ಭ್ರಾತೃಹತ್ಯೆಯೆಂದೇ ಹೆಸರಿಟ್ಟರು. 1982ರಲ್ಲಿ ಅಧ್ಯಕ್ಷ ರೇಗನ್ ನೂರು ಕ್ಷಿಪಣಿಗಳನ್ನು ಒತ್ತೊತ್ತಾಗಿ ನೆಲದಲ್ಲಿಡುವ ಯೋಜನೆ ತಂದರು. ಮೇಲೆ ಬಂದೆರಗುವ ಶತ್ರುವಿನ ಬಾಂಬುಗಳು ಒಂದನ್ನೊಂದು ಕೊಂದುಕೊಳ್ಳಲಿ ಎಂಬುದು ಲೆಕ್ಕ! ಅಲ್ಲಿಯ ಸಂಸತ್ತೇ ಹಣ ಕೊಡಲೊಪ್ಪಲಿಲ್ಲ.

ಒಂದು ಸಿಡಿದರೆ ಎಲ್ಲವೂ ತಾವಾಗಿ ಸಿಡಿದು ಪ್ರಳಯವಾಗುತ್ತದೆ, ಎಲ್ಲ ದೈವೇಚ್ಛೆ ಎನ್ನುವವರಿದ್ದಾರೆ. ಪ್ರಪಂಚದಲ್ಲಿ ಸುಮಾರು 12,000 ಅಣ್ವಸ್ತ್ರಗಳಿವೆ. ಒಂದರ ಹಿಂದೆ ಇನ್ನೊಂದು ಸಿಡಿಯಬೇಕಾದರೆ ಯಾರೋ ಒಬ್ಬ ಮನುಷ್ಯ ಆಜ್ಞೆ ಕೊಟ್ಟಿರಬೇಕು. ದೈವದ ಹೆಸರು ಹೇಳಿದರೆ ಆ ಮನುಷ್ಯನಿಗೇ ಅನುಕೂಲ.

ಹಾಗೆಂದು, ಸಿಡಿಯದ ಬಾಂಬು ನಿರಪಾಯವೆಂದು ನಾವು ಹೇಳುತ್ತಿಲ್ಲ. 1966ರ ಜನವರಿ 17ರಂದು ಸ್ಪೇನಿನ ಪಾಲೊಮಾರೆಸ್ ಎಂಬ ಹಳ್ಳಿಯ ಮೇಲೆ ಅಮೆರಿಕದ ಎರಡು ವಿಮಾನಗಳು ಡಿಕ್ಕಿ ಹೊಡೆದು ನಾಲ್ಕು ಜಲಜನಕ ಬಾಂಬುಗಳು ಬಿದ್ದವು. ಒಂದು ಸಮುದ್ರದ ಪಾಲಾಯಿತು. ನೆಲಕ್ಕೆ ಬಿದ್ದ ಎರಡರ ಸಿಡಿಮದ್ದು ಮಾತ್ರ ಸಿಡಿಯಿತು, ಅಣುಸ್ಫೋಟ ಆಗಲಿಲ್ಲ. ಆದರೂ ಪ್ಲುಟೋನಿಯಂ ಧೂಳು ರೈತರ ಟೊಮೇಟೊ ಹೊಲಗಳ ಮೇಲೆ ಹರಡಿತು. ಬೆಳೆ ಕಿತ್ತು, ಸುಮಾರು 1,400 ಟನ್ನು ಮಣ್ಣುಮಸಿಯನ್ನು ಪೀಪಾಯಿಗಳಲ್ಲಿ ತುಂಬಿ ಹಡಗಿನಲ್ಲಿ ಅಮೆರಿಕಕ್ಕೆ ಸಾಗಿಸಿದರು. ಅಷ್ಟಾದರೂ ಮುಗಿಯಲಿಲ್ಲ. ಉಳಿದ ಮಣ್ಣನ್ನು ತೆಗೆಯುವ ಬಗ್ಗೆ ಆ ಎರಡು ಸರ್ಕಾರಗಳು 2015ರಲ್ಲಿ, ಅಂದರೆ 49 ವರ್ಷಗಳ ಮೇಲೆ, ಮತ್ತೆ ಕುಳಿತು ಕಾಗದಕ್ಕೆ ಸಹಿ ಹಾಕಿದವು.