ವಿಜಾಪುರದಿಂದ ಆಗ್ರಾಕ್ಕೆ ಹೋದ ಎಲೆ



ನೀವು ಇಂಡಿಯವರಿರಲಿ, ಸಿಂದಗಿಯವರಿರಲಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರಿರಲಿ, ನಿಮ್ಮ ಅಡುಗೆಮನೆಯ ಬುಟ್ಟಿಯನ್ನೊಮ್ಮೆ ನೋಡಿರಿ. ಮುಳಗಾಯಿ ಅಂದರೆ ಬದನೆ, ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ: ನಾಲ್ಕೂ ಒಂದೇ ಮನೆತನದವು. ತಿಪ್ಪೆಯ ಮೇಲೆ ಬಿಳಿ ಹೂ ಬಿಟ್ಟು ನಿಂತ ಮದ್ದುಗುಣಿಕೆ ಕೂಡ ಅದೇ ಮನೆತನದ್ದು. ಹೊಲದ ಬದುವಿನ ನೆಲಗುಳ್ಳ, ಹುಡುಗರು ಕಿತ್ತು ತಿನ್ನುವ ಕಾಕಿಹಣ್ಣು, ಅವೂ ಅಷ್ಟೇ. ಗೆಣಸು ಮತ್ತು ನೆಲಕ್ಕಂಟಿ ನೀಲಿ ಹೂ ಬಿಡುವ ವಿಷ್ಣುಕ್ರಾಂತಿ ಬೀಗರ ಮನೆಯವು. ಈ ಎರಡೂ ಮನೆಗಳನ್ನು ಕೂಡಿಸಿ ಸಸ್ಯಶಾಸ್ತ್ರದವರು ಸೊಲನೇಲೀಸ್ ಎಂಬ ಒಂದೇ ಗಣ ಮಾಡಿದ್ದಾರೆ.

ಈ ಗಣದ ಇತಿಹಾಸ ಹೇಳಲು ಕೂತರೆ ನನಗೆ ಮೊದಲು ನೆನಪಾಗುವವನು ಅಸದ್ ಬೇಗ್. ಅಕ್ಬರನ ದೂತ. ರಾಜಕುಮಾರ ದಾನಿಯಾಲನಿಗೆ ನಮ್ಮ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಮಗಳನ್ನು ತಂದುಕೊಳ್ಳುವ ಮಾತುಕತೆಗೆಂದು ವಿಜಾಪುರಕ್ಕೆ ಬಂದವನು. 1604ರ ಸುಮಾರಿನ ಮಾತು. ಇಲ್ಲಿ ಅವನ ಕಣ್ಣಿಗೆ ಬಿದ್ದದ್ದು ತಂಬಾಕು. ಅಂಥ ವಸ್ತುವನ್ನು ಈ ದೇಶದಲ್ಲಿ ಹಿಂದೆಂದೂ ಕಂಡಿರಲಿಲ್ಲವೆಂದು ತಾನೇ ಬರೆದುಕೊಂಡಿದ್ದಾನೆ. ಇದೂ ಮುಳಗಾಯಿಯ ಮನೆತನದ ಗಿಡವೇ, ಅಮೆರಿಕ ಖಂಡದಿಂದ ಬಂದದ್ದು.

ಅಸದ್ ಬೇಗ್ ರಸಿಕ. ಸುಮಾತ್ರದ ಅಚೆಯಿಂದ ಬಂದ ಮೂರು ಮೊಳದ ಕೊಳವೆಗೆ ಎರಡೂ ತುದಿಯಲ್ಲಿ ರತ್ನ ಕೂಡಿಸಿದ. ಬಾಯಿಗಿಡುವ ತುದಿಗೆ ಯೆಮನ್ ದೇಶದ ಕೆಂಪು ಅಕೀಕು. ಆದಿಲ್‌ಶಾಹ ಕೊಟ್ಟ ಎಲೆ ಅಡಿಕೆಯ ಕುಸುರಿ ಸಂಚಿಯಲ್ಲಿ ಎಲೆಅಡಿಕೆಯ ಬದಲು ತಂಬಾಕು ತುಂಬಿದ. ಎಲ್ಲವನ್ನೂ ಬೆಳ್ಳಿಯ ತಾಟಿನಲ್ಲಿಟ್ಟು ಆಗ್ರಾದಲ್ಲಿ ಅಕ್ಬರನ ಮುಂದೆ ತಂದ.

ಮುಂದೆ ಆದದ್ದನ್ನು ಓದುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಬಾದಶಹ ಕೊಳವೆ ಬಾಯಿಗಿಟ್ಟು ಎರಡು ಮೂರು ಸಲ ಎಳೆದ. ಪಕ್ಕದಲ್ಲಿದ್ದ ವೈದ್ಯನಿಗೆ ಜೀವ ಕೈಯಲ್ಲಿ. ಸಾಕು ಸಾಕೆಂದು ತಡೆದ. ಇದು ಪರೀಕ್ಷೆಯಾಗದ ಮದ್ದು, ನಮ್ಮ ವೈದ್ಯರು ಇದರ ಬಗ್ಗೆ ಏನನ್ನೂ ಬರೆದಿಲ್ಲ, ಗುಣ ತಿಳಿಯದ್ದನ್ನು ದೊರೆಗೆ ಹೇಗೆ ಕೊಡಲಿ ಎಂದು ಹಟ ಹಿಡಿದ. ಫರಂಗಿಯರಲ್ಲೂ ಬಲ್ಲವರಿದ್ದಾರೆ, ಜಗತ್ತಿನ ಪ್ರತಿಯೊಂದು ರೂಢಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತು ಎಂದು ಅಸದ್ ಬೇಗ್ ವಾದಿಸಿದ. ಅಕ್ಬರ್ ಅವನ ಮಾತಿಗೆ ತಲೆದೂಗಿದ. ನಮ್ಮ ಪುಸ್ತಕದಲ್ಲಿಲ್ಲ ಎನ್ನುವ ಒಂದೇ ಕಾರಣಕ್ಕೆ ಹೊರಗಿನವರ ತಿಳಿವಳಿಕೆಯನ್ನು ತಳ್ಳಿಹಾಕಬಾರದೆಂದ. ಆದರೆ ತಾನು ಮಾತ್ರ ಅದನ್ನು ರೂಢಿ ಮಾಡಿಕೊಳ್ಳಲಿಲ್ಲ. ಅಮೀರರು ಮುಗಿಬಿದ್ದರು, ವ್ಯಾಪಾರಿಗಳು ಅಂಗಡಿ ತೆರೆದರು. 1617ರಲ್ಲಿ ಜಹಾಂಗೀರ್ ನಿಷೇಧಿಸಿದ, ಯಾರೂ ಕೇಳಲಿಲ್ಲ.

ದೊರೆಯ ಮಾತು ದೊಡ್ಡದು. ಆದರೂ ನನ್ನ ಮನಸ್ಸು ಆ ವೈದ್ಯನ ಕಡೆಗೇ ವಾಲುತ್ತದೆ. ಎಲೆಯೊಳಗಿನ ನಿಕೋಟಿನ್ ಅನ್ನು ಹೈಡಲ್‌ಬರ್ಗಿನಲ್ಲಿ ಇಬ್ಬರು ಬೇರ್ಪಡಿಸಿ ತೆಗೆದದ್ದು 1828ರಲ್ಲಿ. ತಂಬಾಕಿನಿಂದ ಪುಪ್ಪುಸದ ಕ್ಯಾನ್ಸರ್ ಬರುತ್ತದೆಂದು ಗಟ್ಟಿಯಾದದ್ದು 1950ರ ನಂತರ. ಪರೀಕ್ಷೆಯಾಗಲಿ ಎಂದ ಆ ಒಂದು ದನಿಗೆ ಉತ್ತರ ಸಿಗಲು ಮೂರೂವರೆ ಶತಮಾನ ಬೇಕಾಯಿತು. ಅಷ್ಟರಲ್ಲಿ ಎಷ್ಟು ಮನೆಗಳ ದೀಪ ಆರಿತು!

ಬ್ರಿಟಿಷರ ಕಾಲದ ಕತೆಯನ್ನು ಬೇಗ ಮುಗಿಸುತ್ತೇನೆ. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಥಿಯೋಡೋರ್ ಕುಕ್ 1901ರಿಂದ 1908ರವರೆಗೆ ಆ ಪ್ರಾಂತದ ಸಸ್ಯಗಳನ್ನೆಲ್ಲ ಪುಸ್ತಕಕ್ಕಿಳಿಸಿದ. ಬದನೆ ಮನೆ, ಗೆಣಸಿನ ಮನೆ ಎರಡೂ ನೆಂಟರೆಂದು ಅವನ ಕಾಲದವರು ಹೂ ನೋಡಿಯೇ ಊಹಿಸಿದ್ದರು. ಮದ್ದುಗುಣಿಕೆಯ ಮೊಗ್ಗನ್ನು ಅರಳುವ ಹಿಂದಿನ ದಿನ ಕೈಯಲ್ಲಿ ಹಿಡಿದು ನೋಡಿರಿ, ಮಡಚಿ ತಿರುವಿಟ್ಟ ಕೊಡೆಯಂತಿರುತ್ತದೆ. ಬೇಲಿಯ ಮೇಲಿನ ಗೆಣಸಿನ ಜಾತಿಯ ಬಳ್ಳಿಯ ಮೊಗ್ಗೂ ಹಾಗೆಯೇ. 1990ರ ದಶಕದಲ್ಲಿ ಡಿಎನ್‌ಎ ಓದಿದವರು ಆ ನೆಂಟಸ್ತನ ನಿಜವೆಂದರು.

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊರಟ ಗಾಡಿಯಲ್ಲಿ ಸಜ್ಜಿರೊಟ್ಟಿಯ ಜೊತೆ ಎಣ್ಣೆಗಾಯಿ ಇಲ್ಲದಿದ್ದರೆ ಅದು ಚರಗವೇ ಅಲ್ಲ. ಆ ಎಣ್ಣೆಗಾಯಿಯ ಮುಳಗಾಯಿ ನಮ್ಮ ದೇಶದ ಹಳೆಯ ಬೆಳೆ. ಹರಿಯಾಣದ ಫರ್ಮಾನಾದಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಮಡಕೆಯ ಚೂರಿಗಂಟಿದ ಪಿಷ್ಟದಲ್ಲಿ ಬದನೆ, ಶುಂಠಿ, ಅರಿಶಿನ ಸಿಕ್ಕಿವೆ. ಒಗ್ಗರಣೆಯೊಂದು ಬಾಕಿ!

ಅಕ್ಬರನ ಆಸ್ಥಾನದ ಜಗಳ ಇದೇ ಬದನೆಯ ಮೇಲೆ ಮತ್ತೊಮ್ಮೆ ನಡೆಯಿತು. ಕಾಯಿಕೊರಕ ಹುಳುವನ್ನು ತಡೆಯಲು ಮಣ್ಣಿನ ಬ್ಯಾಕ್ಟೀರಿಯಾದ ಒಂದು ವಂಶವಾಹಿಯನ್ನು ಬದನೆಗೆ ಸೇರಿಸಿದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅದರಲ್ಲಿ ಪಾಲುದಾರ. ಕುಡಚಿ, ಉಡುಪಿಯ ನಾಟಿ ತಳಿಗಳಿಗೂ ಆ ವಂಶವಾಹಿ ಬಂತು. 2009ರ ಅಕ್ಟೋಬರಿನಲ್ಲಿ ತಜ್ಞರ ಸಮಿತಿ ಒಪ್ಪಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಊರೂರಲ್ಲಿ ಜನರ ಮಾತು ಕೇಳಿದರು, ಬೆಂಗಳೂರಿನಲ್ಲೂ. 2010ರ ಫೆಬ್ರವರಿ 9ರಂದು ತಡೆ ಹಾಕಿದರು. ಬಾಂಗ್ಲಾದೇಶದ ರೈತರು ಇಂಥ ಬದನೆಯನ್ನು 2014ರಿಂದ ಬೆಳೆಯುತ್ತಿದ್ದಾರೆ. ಹುಳು ಬಿದ್ದ ಕಾಯಿಗೆ ವಾರಕ್ಕೆರಡು ಸಲ ಔಷಧ ಹೊಡೆಯುವ ರೈತನ ಸಂಕಟ ನಾನು ಕಂಡವನು. ತಡೆ ಹಾಕಿದ್ದು ನನಗೆ ಬೇಸರವಲ್ಲ. ತಡೆಯ ನಂತರ ವರ್ಷಗಟ್ಟಲೆ ಪರೀಕ್ಷೆ ಮುಂದುವರಿಯದೆ ಮಾತು ತಣ್ಣಗಾಯಿತಲ್ಲ, ಅದು ನೋವು.

ನಾಳೆ ಬಿಸಿಲೇರುವ ಮುಂಚೆ ಮುಳಗಾಯಿ ಹೊಲಕ್ಕೆ ಹೋಗಿರಿ. ನೇರಳೆ ಹೂವಿನ ನಡುವೆ ಹಳದಿ ಕೇಸರಗಳು ಗೋಪುರದಂತೆ ಕೂಡಿ ನಿಂತಿರುತ್ತವೆ. ಪರಾಗವೆಲ್ಲ ಒಳಗೆ, ಹೊರಬರಲು ತುದಿಯಲ್ಲಿ ಸಣ್ಣ ರಂಧ್ರ ಮಾತ್ರ. ಜೇನುನೊಣಕ್ಕೆ ಅದನ್ನು ಅಲುಗಾಡಿಸುವ ವಿದ್ಯೆ ಇಲ್ಲ. ದೊಡ್ಡ ಕರಿದುಂಬಿ ಬಂದು ಹೂವಿಗೆ ಜೋತುಬಿದ್ದು, ರೆಕ್ಕೆ ಮಡಚಿಕೊಂಡೇ ಗುಂಯ್ ಎಂದು ಮೈ ನಡುಗಿಸುತ್ತದೆ. ಪರಾಗ ಹಿಟ್ಟಿನಂತೆ ಅದರ ಹೊಟ್ಟೆಯ ಮೇಲೆ ಸುರಿಯುತ್ತದೆ. ಆ ಸದ್ದು ಎರಡು ಸಾಲು ಆಚೆಗೂ ಕೇಳಿಸುತ್ತದೆ.