ಜಮೀನು ಮಾರಬೇಡಿ, ಅರ್ಜಿ ಹಾಕಿ

(ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ತಟ್ಟೆ ಹಿಡಕೊಂಡು ಕ್ಯೂ ನಿಲ್ಲೋ ನಾವು ಫಾರಿನ್ ಓದಿನ ಮಾತಾಡಿದರೆ ನಗೋರಿದ್ದಾರೆ. ನಗಲಿ.

1913ರಲ್ಲಿ ಬಾಬಾಸಾಹೇಬರು ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಹೋದದ್ದು ಹೇಗೆ? ಬರೋಡ ಮಹಾರಾಜರ ವೇತನದಿಂದ. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಬದಲಿಗೆ ಹತ್ತು ವರ್ಷ ಬರೋಡದಲ್ಲಿ ದುಡೀತೀನಿ ಅಂತ ಕರಾರು. 1917ರಲ್ಲಿ ವೇತನ ಮುಗೀತು, ಲಂಡನ್ನಿನ ಓದು ಅರ್ಧಕ್ಕೆ ನಿಂತಿತು. ದುಡಿಯಲು ಬರೋಡಕ್ಕೆ ಬಂದರೆ ಇರೋಕೊಂದು ಕೋಣೆ ಕೊಡಲಿಲ್ಲ ಈ ಜಾತಿವಂತ ಸಮಾಜ. ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಮಾಡಿ ಸಂಬಳ ಉಳಿಸಿದರು. ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ಗೆಳೆಯ ನವಲ್ ಭತೇನರಿಂದ 5000 ರೂಪಾಯಿ ಸಾಲ ಸೇರಿಸಿ 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. 1923ರಲ್ಲಿ ಡಿ.ಎಸ್ಸಿ. ಪಡೆದರು. ಅವರ ಓದಿನ ಹಿಂದೆ ಬುದ್ಧಿಯೂ ಇತ್ತು, ದುಡ್ಡಿನ ಲೆಕ್ಕವೂ ಇತ್ತು.

ಇವತ್ತು ಏಜೆಂಟರು ಬಂದು "ಸೀಟು ಕೊಡಿಸ್ತೀವಿ, ದುಡ್ಡು ಹೊಂದಿಸಿ" ಅಂತಾರೆ. ಅಪ್ಪ ಅವ್ವ ಮಂಜೂರಾದ ಒಂದೆಕರೆ ಕಡೆ ನೋಡ್ತಾರೆ. ಆ ಜಮೀನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಆಗಬಾರದು ಅಂತ ನಮಗೆ 1978ರ ಕಾಯ್ದೆ ಇದೆ. ಅದನ್ನು ನಾವೇ ಮುರಿಯೋದು ಬೇಡ.

ಮೊದಲು ನಮ್ಮ ಹಕ್ಕಿನ ದುಡ್ಡು ಕೇಳೋಣ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ಪಿನಲ್ಲಿ ವರ್ಷಕ್ಕೆ 125 ಸ್ಥಾನ, ಅದರಲ್ಲಿ 115 ಪರಿಶಿಷ್ಟ ಜಾತಿಗೆ. ಇದು ಎಂ.ಎ., ಎಂ.ಎಸ್ಸಿ., ಪಿಎಚ್.ಡಿ.ಯಂಥ ಓದಿಗೆ, ಮೊದಲ ಡಿಗ್ರಿಗೆ ಸಿಗೋಲ್ಲ. ಶೇಕಡಾ 60 ಅಂಕ ಬೇಕು, ಮನೆಯ ಆದಾಯ ವರ್ಷಕ್ಕೆ 8 ಲಕ್ಷದೊಳಗಿರಬೇಕು, ವಯಸ್ಸು 35ರೊಳಗಿರಬೇಕು. ಭಾರತದ ಸಮಾಜ, ಚರಿತ್ರೆಯ ವಿಷಯಗಳನ್ನು 2022ರಲ್ಲಿ ಕಿತ್ತುಹಾಕಿದರು. ನಮ್ಮ ನೋವನ್ನು ನಾವೇ ಓದಬಾರದಂತೆ! ರಾಜ್ಯದ ಸಮಾಜ ಕಲ್ಯಾಣ ಇಲಾಖೆಯಲ್ಲಿ ಪ್ರಬುದ್ಧ ಯೋಜನೆ ಇದೆ, ಅದನ್ನೂ ವಿಚಾರಿಸಿ.

ಆಯ್ಕೆಯಾದರೆ ಮುಗೀತು ಅನ್ನಬೇಡಿ. 2025ರಲ್ಲಿ ಕೇಂದ್ರದ ಪಟ್ಟಿಗೆ 106 ಮಂದಿ ಆಯ್ಕೆಯಾದರೂ ಮೊದಲು ಪತ್ರ ಸಿಕ್ಕಿದ್ದು 40 ಮಂದಿಗೆ. ಉಳಿದವರಿಗೆ "ಹಣ ಬಂದರೆ" ಅಂದರು. ಅದಕ್ಕೇ ಒಂದೇ ಬಾಗಿಲು ತಟ್ಟಿ ಕೂರಬಾರದು.

ಡಿಗ್ರಿ ಎರಡನೇ ವರ್ಷದಲ್ಲೇ ಪಾಸ್‌ಪೋರ್ಟ್ ಮಾಡಿಸಿ. ನಾಡಕಚೇರಿಯಿಂದ ಜಾತಿ, ಆದಾಯದ ಪತ್ರ ತಗೊಳ್ಳಿ. ಮಾರ್ಕ್ಸ್ ಕಾರ್ಡಿನಲ್ಲೂ ಅದರಲ್ಲೂ ಹೆಸರು ಒಂದೇ ಇರಲಿ. ಇಂಗ್ಲಿಷಿಗೆ ಹೆದರಬೇಡಿ, ಸಂಜೆ ಹೊತ್ತು ಹಾಸ್ಟೆಲಿನಲ್ಲಿ ಕೂಡಿ ಕಲಿಯೋಣ. ಒಬ್ಬರು ತುಂಬಿದ ಅರ್ಜಿಯ ನಕಲು ನಾಲ್ಕೂ ತಾಲ್ಲೂಕಿಗೆ ಹೋಗಲಿ. ದುಡ್ಡು ತಡೆದರೆ ಕಚೇರಿ ಮುಂದೆ ಎಲ್ಲರೂ ಕೂರೋಣ.

ಹೋದವರು ಒಂದು ಮಾತು ನೆನಪಿಡಿ: ಹಿಂದೆ ಬರೋರಿಗೆ ದಾರಿ ಬರೆದು ಕಳಿಸಿ.

ಜೈ ಭೀಮ್.